ಪೆಟ್ರೋಲ್ ಬಂಕ್ ಅಂದವಳೇ ಸರಿ

ಡಿಸೈನ್ ಕ್ಲಾಸಿಗೆ ಒಂದು ಪೋಸ್ಟರ್ ಮಾಡಬೇಕಿತ್ತು, ಫೆಬ್ರವರಿ 2ರ ಜೌಗುಭೂಮಿ ದಿನಕ್ಕೆ. ನಾನು ಶಿರಸಿಯವಳು. ಅಘನಾಶಿನಿ ನದಿ ಹುಟ್ಟುವುದೇ ನಮ್ಮೂರಲ್ಲಿ ಅಂತ ಜಂಬ ಬೇರೆ. ಅದಕ್ಕೇ ಆ ನದಿ ಸಮುದ್ರ ಸೇರುವ ಜಾಗವನ್ನೇ, ಅಂದರೆ 2024ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯನ್ನೇ ಆರಿಸಿಕೊಂಡೆ. ತುಂಬಿದ ನೀಲಿ ನೀರು, ಮಧ್ಯೆ ದೊಡ್ಡದೊಂದು ಚಿಪ್ಪು, ಮೇಲೆ 'ಇಳಿತದ ಹೊತ್ತಿನ ಅನ್ನ, ಅಘನಾಶಿನಿಯ ಬಳಚು' ಅಂತ ಎರಡು ಸಾಲು. ಬಳಚು ಅಂದರೆ ನಾವು ತಿನ್ನುವ ಚಿಪ್ಪುಮೀನು. ರಾತ್ರಿ ಎರಡಕ್ಕೆ ಮುಗಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಮಲಗಿದೆ.

ಮರುದಿನ ಕಾರವಾರದಲ್ಲಿ ಕ್ಲಾಸಿನ ಗೋಡೆಗೆ ಎಲ್ಲರ ಪೋಸ್ಟರೂ ಅಂಟಿಸಿದೆವು. ನೋಡಿದವರು ಚೀಟಿ ಬರೆದು ಪಕ್ಕಕ್ಕೆ ಹಚ್ಚಬೇಕು. ನನಗೆ ಬಂದಿದ್ದು ಒಂಬತ್ತು. ಅದರಲ್ಲಿ ಐದು 'ಸೂಪರ್', 'ಮಸ್ತ್'. ಓದುವಾಗ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ, ಆದರೆ ಆ ಐದು ಚೀಟಿ ಹಿಡಿದುಕೊಂಡು ಪೋಸ್ಟರಿನಲ್ಲಿ ಒಂದು ಚುಕ್ಕೆಯನ್ನೂ ಬದಲಿಸಲು ಆಗಲ್ಲ.

ಆರನೆಯದು ಕುಮಟಾ ಕಡೆಯವಳದ್ದು. 'ಇದೇನು ಪೆಟ್ರೋಲ್ ಬಂಕ್ ಜಾಹೀರಾತಾ?'

ಮೈಯೆಲ್ಲ ಉರಿಯಿತು. ಒಂದು ದಿನ ಅವಳ ಹತ್ತಿರ ಮಾತೇ ಆಡಲಿಲ್ಲ. ಮರುದಿನ ಸಿಟ್ಟು ಇಳಿದ ಮೇಲೆ ನೋಡಿದರೆ, ಹೌದಲ್ವಾ! ಇಂಟರ್ನೆಟ್‌ನಲ್ಲಿ ಸಿಕ್ಕಿದ ಬೀಸಣಿಗೆಯಂಥ ಚಿಪ್ಪು ಅದು, ಥೇಟ್ ಶೆಲ್ ಕಂಪನಿಯ ಬಂಕಿನ ಲೋಗೋ. ಬಳಚು ಹಾಗಿರುವುದೇ ಇಲ್ಲ. ಕೇಳಿದ್ದಕ್ಕೆ ಅವಳು ಇನ್ನೊಂದು ಹೇಳಿದಳು: 'ಇಳಿತ ಅಂತ ಬರೆದು ಭರತದ ನೀರು ಹಾಕಿದ್ದೀಯಲ್ಲೇ. ನೀರು ಇಳಿದ ಮೇಲೆ ಕೆಸರಲ್ಲಿ ಕೂತು ಹೆಕ್ಕುವುದು ಅದನ್ನ.' ಅವಳ ಅಜ್ಜಿ ಹೆಕ್ಕಿದವರಂತೆ. ನಾನು ಬಳಚನ್ನು ನೋಡಿದ್ದು ತಟ್ಟೆಯಲ್ಲಿ ಮಾತ್ರ.

ಏಳನೆಯವನು 'ಅಕ್ಷರ ಯಾಕೋ ಕಿರಿಕಿರಿ, ಫಾಂಟ್ ಬದಲಿಸು' ಅಂದಿದ್ದ. ನಾಲ್ಕು ಫಾಂಟ್ ಹಾಕಿ ನೋಡಿದೆ, ಕಿರಿಕಿರಿ ಹೋಗಲಿಲ್ಲ. ತಪ್ಪು ಫಾಂಟಿನದ್ದಲ್ಲ, ಸಾಲುಗಳ ನಡುವಿನ ಜಾಗದ್ದು. ಇಂಗ್ಲಿಷಿಗೆ ಸಾಕಾಗುವ ಜಾಗ ಕನ್ನಡಕ್ಕೆ ಸಾಲುವುದಿಲ್ಲ: 'ಹೊತ್ತಿನ'ದ ಒತ್ತು ಕೆಳಗಿನ ಸಾಲಿನ 'ಶಿ', 'ನಿ'ಗಳ ತಲೆಯ ಗುಡಿಸಿಗೆ ಹೋಗಿ ಗುದ್ದುತ್ತಿತ್ತು. ಜಾಗ ಜಾಸ್ತಿ ಮಾಡಿದೆ, ಸರಿಹೋಯ್ತು. ಅವನು ಹೇಳಿದ ಔಷಧಿ ತಪ್ಪು, ಆದರೆ ನೋವು ಇದ್ದಿದ್ದು ನಿಜ. ಇದು ಗೊತ್ತಾಗುವುದಕ್ಕೆ ನನಗೆ ಮೂರನೇ ವರ್ಷ ಬರಬೇಕಾಯ್ತು.

ಎಲ್ಲವನ್ನೂ ಕೇಳಲಿಲ್ಲ ಮತ್ತೆ. ಒಬ್ಬರು ಹೆಡ್‌ಲೈನ್ ಇಂಗ್ಲಿಷಲ್ಲಿ ಇರಲಿ, ಸ್ಟೈಲಾಗಿರುತ್ತೆ ಅಂದರು. ಅಳಿವೆ ದಂಡೆಯ ತದಡಿಯಲ್ಲಿ ದೋಣಿಗೆ ಕಾಯುವವರು ಓದಲಿ ಅಂತ ಮಾಡಿದ್ದು ನಾನು, ಸ್ಟೈಲು ಯಾರಿಗೆ ಬೇಕು? ಇನ್ನೊಬ್ಬರಿಗೆ ಗಜನಿ ಅನ್ನುವ ಉಪ್ಪುನೀರ ಗದ್ದೆ ಬೇಕು, ಅಲ್ಲಿ ಬೆಳೆಯುವ ಕಗ್ಗ ಭತ್ತ ಬೇಕು, ಹಕ್ಕಿ ಬೇಕು, ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಬೇಕು. ಎಲ್ಲವೂ ಅಳಿವೆಯಲ್ಲಿ ಇರುವುದೇ, ಆದರೆ ಒಂದು ಎ3 ಹಾಳೆಯಲ್ಲಿ ಎಷ್ಟು ಅಂತ ತುಂಬುವುದು ಮಾರಾಯ್ರೇ.

ಈಗ ಪೋಸ್ಟರಿನಲ್ಲಿ ಕೆಸರಿನ ಕಂದು ಬಣ್ಣ, ಬಗ್ಗಿದ ಒಂದು ಬೆನ್ನು, ಪಕ್ಕದಲ್ಲಿ ಬುಟ್ಟಿ. ಮೊಬೈಲಿನಲ್ಲಿ ಹೊಳೆಯುತ್ತಿದ್ದ ಆ ನೀಲಿ ಹೇಗೂ ಪ್ರಿಂಟಿನಲ್ಲಿ ಮಂಕಾಗಿತ್ತು. ಪರದೆಯದ್ದು ಬೆಳಕಿನ ಬಣ್ಣ, ಕಾಗದದ್ದು ಶಾಯಿಯದ್ದು. ಕಂದು ಬಣ್ಣ ಅಷ್ಟು ಮೋಸ ಮಾಡಲಿಲ್ಲ.

ಮೊದಲ ಪ್ರಿಂಟನ್ನು ಕುಮಟಾದವಳಿಗೇ ಕೊಟ್ಟೆ. ಕೈ ಚಾಚಿ ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು.

'ಬುಟ್ಟಿ ಸಣ್ಣದಾಯ್ತು' ಅಂದಳು.