ಘಟ್ಟದ ಮೇಲಿದ್ದೂ ಆ ಮಂಜುಗಡ್ಡೆಯ ಚಿಂತೆ ಯಾಕೆ

ಅಂಟಾರ್ಕ್ಟಿಕಾದ ಹಿಮ ಕರಗಿದರೆ ಕೊಡಗಿಗೇನು, ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆಯಲ್ಲ ಅನ್ನುತ್ತಾರೆ ಗೆಳೆಯರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಾಫಿ ಹಡಗು ಹತ್ತುವುದು ಮಂಗಳೂರಿನಲ್ಲಿ. ದೊಡ್ಡ ಕಾಯಿಲೆ ಬಂದರೆ ಓಡುವುದೂ ಅಲ್ಲಿಗೇ. ಕರಾವಳಿಗೆ ಬಂದ ಕಷ್ಟ ಘಟ್ಟ ಹತ್ತಿ ಬಂದೇ ಬರುತ್ತದೆ.

ಅಂಟಾರ್ಕ್ಟಿಕಾದಲ್ಲಿ ಥ್ವೈಟ್ಸ್ ಅನ್ನುವ ಹಿಮನದಿ ಇದೆ. ಅದೊಂದೇ ಪೂರ್ತಿ ಕರಗಿದರೆ ಸಮುದ್ರ ಅರ್ಧ ಮೀಟರಿಗಿಂತ ಜಾಸ್ತಿ ಏರುತ್ತದೆ. 2020ರ ಜನವರಿಯಲ್ಲಿ ವಿಜ್ಞಾನಿಗಳು ಬಿಸಿನೀರು ಹಾಯಿಸಿ ಸುಮಾರು 600 ಮೀಟರ್ ಆಳಕ್ಕೆ ಹಿಮ ಕೊರೆದರು. ಆ ತೂತಿನಿಂದ ಐಸ್‌ಫಿನ್ ಅನ್ನುವ ಸಪೂರ ರೋಬೋ ಇಳಿಸಿದರು. ಹಿಮ ನೆಲ ಬಿಟ್ಟು ತೇಲಲು ಶುರುವಾಗುವ ಜಾಗಕ್ಕೇ ಅದು ಹೋಯಿತು.

ಅಲ್ಲಿ ಕಂಡದ್ದು ಯಾರೂ ಎಣಿಸಿರದ ವಿಷಯ. ಕರಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರ, ಅಲ್ವಾ? ಅದು ಹಿಮದ ಅಡಿಗೇ ತೆಳ್ಳಗೆ ಅಂಟಿಕೊಂಡು, ಕೆಳಗಿನ ಬೆಚ್ಚನೆಯ ನೀರನ್ನು ತಡೆಯುತ್ತದೆ. ಹಾಗಾಗಿ ಚಪ್ಪಟೆ ಜಾಗದಲ್ಲಿ ಕರಗುವುದು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ, ವರ್ಷಕ್ಕೆ ಕೆಲವೇ ಮೀಟರ್. ಆದರೆ ಬಿರುಕುಗಳಲ್ಲಿ, ಮೆಟ್ಟಿಲಿನಂತೆ ಕಡಿದಾದ ಬದಿಗಳಲ್ಲಿ ತುಂಬಾ ಬೇಗ ಕರಗುತ್ತಿದೆ. ಸಮಾಧಾನ ಪಡುವ ಹಾಗಿಲ್ಲ. 1990ರ ದಶಕದ ಕೊನೆಯಿಂದ ಈ ಹಿಮನದಿ ನೆಲ ಬಿಡುವ ಗೆರೆ 14 ಕಿ.ಮೀ. ಹಿಂದೆ ಸರಿದಿದೆ. ಇಷ್ಟು ನಿಧಾನಕ್ಕೆ ಕರಗಿದರೂ ಅಷ್ಟು ಸರಿಯುತ್ತದೆ ಅನ್ನುವುದೇ ನನಗೆ ಭಯದ ಸಂಗತಿ.

ಅಲಾಸ್ಕಾದ ಲೆಕಾಂಟ್ ಹಿಮನದಿಯಲ್ಲಿ ಕಥೆ ಉಲ್ಟಾ. ದೋಣಿಯಿಂದ ಸೋನಾರ್, ಅಂದರೆ ಶಬ್ದದ ಅಲೆ, ಹಾಯಿಸಿ ಅಳೆದಾಗ, ಕೆಲವು ಕಡೆ ಸೂತ್ರ ಹೇಳಿದ್ದಕ್ಕಿಂತ ನೂರು ಪಟ್ಟಿನವರೆಗೂ ಜಾಸ್ತಿ ಕರಗುತ್ತಿತ್ತು. 2019ರಲ್ಲಿ ಅದು ಪ್ರಕಟವಾಯಿತು.

ಒಂದು ಕಡೆ ಲೆಕ್ಕ ಹೆಚ್ಚಾಯಿತು, ಇನ್ನೊಂದು ಕಡೆ ಕಡಿಮೆಯಾಯಿತು. ಇಷ್ಟು ದುಡ್ಡು ಸುರಿದು ಅಲ್ಲಿಗೆ ಯಾಕೆ ಹೋಗಬೇಕು ಅನ್ನುವವರಿಗೆ ಇದೇ ನನ್ನ ಉತ್ತರ: ಆಯಾ ಜಾಗಕ್ಕೇ ಹೋಗಿ ಅಳೆಯದೆ ನಿಜ ಗೊತ್ತಾಗುವುದಿಲ್ಲ. ಭಾಗಮಂಡಲದ ಮಳೆ ನೋಡಿ ಕುಶಾಲನಗರದ ಇಂಚು ಬರೆಯುವವರು ನಮ್ಮಲ್ಲಿ ಯಾರಾದರೂ ಇದ್ದಾರಾ? ತೋಟಕ್ಕೊಂದು ಮಳೆ ಮಾಪಕ ಇಟ್ಟು, ದಿನಾ ಪುಸ್ತಕದಲ್ಲಿ ಬರೆದಿಡುವ ಊರು ನಮ್ಮದು.

ನಮ್ಮ ದೇಶಕ್ಕೂ ಅಂಟಾರ್ಕ್ಟಿಕಾದಲ್ಲಿ ಮೈತ್ರಿ, ಭಾರತಿ ಅನ್ನುವ ಎರಡು ನೆಲೆಗಳಿವೆ. ಅವನ್ನು ನೋಡಿಕೊಳ್ಳುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇಲ್ಲೇ ಗೋವಾದಲ್ಲಿದೆ. ವಿಜ್ಞಾನ ಕಲಿಸುವ ಮೇಷ್ಟ್ರುಗಳೇ, ಟೀಚರ್‌ಗಳೇ, ನಿಮ್ಮ ಪಿಯುಸಿ ಮಕ್ಕಳಿಗೆ ದಯವಿಟ್ಟು ಈ ಹೆಸರನ್ನು ಹೇಳಿ.