ಆ ಕಾಟು ಮಾವಿನ ಮರದ್ದು ಏನೂ ತಪ್ಪಿರಲಿಲ್ಲ

ನಿನ್ನೆ ನಮ್ಮ ಕಾಸರಗೋಡು ಕಡೆಯ ಪೆರ್ಲ ಪೇಟೆಯಲ್ಲಿ ಹಳೇ ಶಿಷ್ಯ ಒಬ್ಬ ಸಿಕ್ಕಿದ, ಈಗ ಅವನಿಗೇ ಮೂರು ವರ್ಷದ ಮಗು ಉಂಟು. "ಟೀಚರೇ, ಮಗುವಿಗೆ ಮೂಗು ಸೋರುವುದು ನಿಲ್ಲುವುದೇ ಇಲ್ಲ, ಮಾವು ಹೂ ಬಿಟ್ಟ ಕೂಡ್ಲೆ ಶುರು, ಅದಕ್ಕೆ ಅಂಗಳದ ಬದಿಯ ಕಾಟು (ಕಾಡು) ಮಾವು ತೆಗೆಸುವಾ ಅಂತ ಮಾಡಿದ್ದೇವೆ, ಆದಿತ್ಯವಾರ ಜನ ಬರ್ತಾರೆ" ಅಂದ. ನನಗೆ ಅಲ್ಲೇ ರೋಡಲ್ಲಿ ಎದೆ ಧಸಕ್ ಅಂತು. ಕೈಯಲ್ಲಿದ್ದ ಚೀಲ ಅಂಗಡಿ ಜಗಲಿಯಲ್ಲಿ ಇಟ್ಟು ಅವನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಮಾತಾಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಉದ್ದಕ್ಕೆ ಬರೀತಾ ಇದ್ದೇನೆ, ಯಾಕೆಂದ್ರೆ ಆ ತಪ್ಪನ್ನು ನಾನು 2019ರಲ್ಲಿ ಮಾಡಿ ಆಗಿದೆ.

ನಮ್ಮ ಹಟ್ಟಿಯ ಹತ್ತಿರ ಒಂದು ಕಾಟು ಮಾವು ಇತ್ತು. ಅತ್ತೆ ಮದುವೆಯಾಗಿ ಬರುವಾಗಲೇ ಅದು ದೊಡ್ಡ ಮರ ಅಂತೆ. ಹಣ್ಣು ಸಣ್ಣದು, ಬರೀ ನಾರು, ಆದ್ರೆ ಗೊಜ್ಜಿಗೆ, ಸಾಸಮೆಗೆ ಅದನ್ನು ಬಿಟ್ಟು ಬೇರೆ ಹಣ್ಣು ನಮ್ಮ ಮನೆಯಲ್ಲಿ ಯಾರಿಗೂ ಆಗ್ತಿರಲಿಲ್ಲ, ಮಿಡಿ ಉಪ್ಪಿನಕಾಯಿ ಭರಣಿ ಭರಣಿ ಹಾಕ್ತಿದ್ರು ಅತ್ತೆ. ನನಗೆ ಜನವರಿ ಬಂತು ಅಂದ್ರೆ ಸೀನು, ಒಂದಲ್ಲ ಎರಡಲ್ಲ, ಬೆಳಿಗ್ಗೆ ಎದ್ದ ಕೂಡ್ಲೆ ಹತ್ತು ಹದಿನೈದು, ಕಣ್ಣು ಕೆಂಪು, ಅಂಗುಳು ತುರಿಸುವುದು, ಕ್ಲಾಸಲ್ಲಿ ಪಾಠ ಮಾಡ್ಲಿಕ್ಕೆ ಆಗದ ಹಾಗೆ ಮೂಗು ಕಟ್ಟುವುದು. ಆಗಲೇ ಮಾವಿನ ಮರ ಹೂ ಬಿಟ್ಟು ಘಮ್ ಅಂತ ನಿಂತಿರ್ತದೆ. ಇನ್ನು ಕಾರಣ ಹುಡುಕ್ಲಿಕ್ಕೆ ಎಂತ ಉಂಟು? ನಾನೇ ಹಠ ಹಿಡಿದೆ. ಇವರು ಎರಡು ಸಲ ಕೇಳಿದ್ರು, "ಖಂಡಿತವಾ?" ಅಂತ. ಮರ ಬಿದ್ದ ದಿನ ಅತ್ತೆ ಒಂದು ಮಾತು ಆಡ್ಲಿಲ್ಲ, ಹಟ್ಟಿಗೆ ಹೋಗಿ ದನದ ಹತ್ತಿರ ಕೂತವರು ಮಧ್ಯಾಹ್ನ ಊಟಕ್ಕೂ ಬರ್ಲಿಲ್ಲ. ಸೊನೆಯ ವಾಸನೆ ಒಂದು ವಾರ ಅಂಗಳದಲ್ಲಿ ಇತ್ತು.

ಮರುವರ್ಷ ಜನವರಿಯಲ್ಲಿ ಸೀನು ಹಾಗೇ ಬಂತು. ಒಂದು ಚೂರೂ ಕಮ್ಮಿ ಇಲ್ಲ.

ಆಮೇಲೆ 2020, ಲಾಕ್‌ಡೌನು, ಶಾಲೆ ಇಲ್ಲ, ಎಲ್ಲಾ ಮನೆಯಲ್ಲೇ. ಸೆಪ್ಟೆಂಬರಲ್ಲಿ ಮಳೆ ಸ್ವಲ್ಪ ಬಿಟ್ಟದ್ದೇ ನನಗೆ ಪುನಃ ಶುರುವಾಯ್ತು, ರೇಷನ್ ಅಂಗಡಿಯಲ್ಲಿ ನಾನೊಂದು ಸೀನಿದ್ರೆ ಜನ ನಾಲ್ಕು ಮಾರು ದೂರ ಹೋಗ್ತಿದ್ರು, ಅಷ್ಟು ಅವಮಾನ ಆಗ್ತಿತ್ತು. ಆಗ ಅಡುಗೆ ಕೋಣೆಯ ಕ್ಯಾಲೆಂಡರಲ್ಲಿ ಬರೀಲಿಕ್ಕೆ ಶುರು ಮಾಡಿದೆ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ಸೀನು ಜಾಸ್ತಿ ಇದ್ದ ದಿನಕ್ಕೆ ಒಂದು ಗೀಟು, ತುಂಬಾ ಜಾಸ್ತಿ ಇದ್ರೆ ಎರಡು, ಬದಿಯಲ್ಲಿ ಆ ದಿನ ಎಂತ ಕೆಲಸ ಅಂತ ಎರಡು ಶಬ್ದ. ಒಂದು ವರ್ಷ ಆಗುವಾಗ ಕ್ಯಾಲೆಂಡರೇ ಮಾತಾಡ್ತು. ಗೀಟು ತುಂಬಿದ್ದು ಎರಡು ಕಡೆ, ಒಂದು ಸೆಪ್ಟೆಂಬರ್ ಅಕ್ಟೋಬರ್, ಇನ್ನೊಂದು ಜನವರಿಯಿಂದ ಮಾರ್ಚ್. ಸೆಪ್ಟೆಂಬರಲ್ಲಿ ಯಾವ ಮಾವು ಹೂ ಬಿಡ್ತದೆ ಹೇಳಿ! ಗುಡ್ಡೆಯಲ್ಲಿ ಮುಳಿಹುಲ್ಲು ತೆನೆ ಬಿಡುವ ಸಮಯ ಅದು. ಜನವರಿಯ ಗೀಟಿನ ಬದಿಯಲ್ಲಿ ಬರೆದದ್ದು ಹೆಚ್ಚಿನದ್ದೂ "ತೋಟ", "ಅಡಿಕೆ ಸುಲಿದದ್ದು", "ಹಾಸಿಗೆ ಕೊಡವಿದ್ದು".

ಮತ್ತೆ ಮಂಗಳೂರಿಗೆ ಹೋಗಿ ಅಲರ್ಜಿ ಟೆಸ್ಟ್ ಮಾಡಿಸಿದೆ. ಅದು ದೊಡ್ಡ ಸಂಗತಿ ಏನಲ್ಲ, ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸ್ಲಿಕ್ಕೆ ಹೇಳ್ತಾರೆ, ಕೈಯಲ್ಲಿ ಪೆನ್ನಿನಿಂದ ನಂಬರ್ ಹಾಕಿ ಒಂದೊಂದು ಹನಿ ಇಟ್ಟು ಸಣ್ಣಕ್ಕೆ ಚುಚ್ಚುವುದು, ಹದಿನೈದು ಇಪ್ಪತ್ತು ನಿಮಿಷ ಕಾಯುವುದು. ಹುಲ್ಲಿನ ಹೂವಿನ ಹುಡಿ, ಅಂದ್ರೆ ಪರಾಗ, ಇಟ್ಟ ಕಡೆ ಸೊಳ್ಳೆ ಕಚ್ಚಿದ್ದಕ್ಕಿಂತ ದೊಡ್ಡ ದಡ್ಡು ಎದ್ದಿತು, ಅಡಿಕೆಯ ಜಾತಿಯದ್ದೇ ಆದ ತೆಂಗಿನ ಹೂವಿನದ್ದಕ್ಕೂ ಎದ್ದಿತು, ಹಾಸಿಗೆ ಧೂಳಿನ ಹುಳಕ್ಕಂತೂ ಸುತ್ತ ಕೆಂಪು. ಮಾವಿನ ಹೂವಿನ ಚುಕ್ಕೆ ಸಪಾಟು. ಬರೀ ಪೆನ್ನಿನ ಗುರುತು ಮಾತ್ರ. ನಾನು ಆ ಚುಕ್ಕೆಯನ್ನೇ ನೋಡ್ತಾ ಕೂತೆ, ಡಾಕ್ಟ್ರು "ಎಂತಾಯ್ತು?" ಅಂತ ಕೇಳುವಾಗ ಕಣ್ಣಲ್ಲಿ ನೀರು ಬಂದಿತ್ತು, ಅವರು ಅದನ್ನೂ ಅಲರ್ಜಿ ಅಂತಲೇ ತಿಳ್ಕೊಂಡ್ರೋ ಏನೋ.

ಡಾಕ್ಟ್ರು ಹೇಳಿದ ಮೇಲೆ ನನಗೆ ಅರ್ಥ ಆದದ್ದು ಇಷ್ಟು. ಬಣ್ಣ, ಪರಿಮಳ ಇರುವ ಹೂ ನೊಣ, ಜೇನನ್ನು ಕರೀತದೆ, ಅದರ ಹುಡಿ ಅಂಟಂಟು, ಭಾರ, ಗಾಳಿಯಲ್ಲಿ ದೂರ ಹೋಗುವುದು ಕಮ್ಮಿ. ಮಾವು ಹಾಗೆ. ಹುಲ್ಲಿಗೆ, ಅಡಿಕೆಗೆ ಯಾರನ್ನೂ ಕರೆಯುವ ಅಗತ್ಯ ಇಲ್ಲ, ಅವುಗಳ ಕೆಲಸ ಗಾಳಿಯಲ್ಲೇ ಆಗ್ತದೆ, ಅದಕ್ಕೆ ಹುಡಿ ಹಗುರ, ಲೆಕ್ಕ ಇಲ್ಲದಷ್ಟು. ಮೂಗಿನ ಒಳಗೆ ಹೋದ ಆ ಹುಡಿಯನ್ನು ನಮ್ಮ ಶರೀರ ಶತ್ರು ಅಂತ ತಿಳ್ಕೊಂಡು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡ್ತದೆ, ಸೀನು ನೀರು ತುರಿಕೆ ಎಲ್ಲಾ ಅದರದ್ದೇ. ಮಾವಿನ ಹೂವಿಂದ ಯಾರಿಗೂ ಆಗುವುದೇ ಇಲ್ಲ ಅಂತಲ್ಲ, ಕೆಲವರಿಗೆ ಆಗ್ತದೆ, ಆದ್ರೆ ಕಣ್ಣಿಗೆ ಕಾಣುವ ಹೂವಿನ ಮೇಲೆ ತಪ್ಪು ಹೊರಿಸುವುದು ಸುಲಭ ನೋಡಿ. ಇಂಗ್ಲೆಂಡಿನ ಜಾನ್ ಬೋಸ್ಟಾಕ್ ಅನ್ನುವ ಡಾಕ್ಟ್ರು 1819ರಲ್ಲಿ ತನ್ನದೇ ಕಣ್ಣು ಮೂಗಿನ ಕಷ್ಟವನ್ನು ಬರೆದಿಟ್ಟಿದ್ರು, ಅವರೂ ಬೇಸಿಗೆಯ ಸೆಕೆಯೇ ಕಾರಣ ಅಂತ ನಂಬಿದ್ರು. ಪರಾಗದಿಂದ ಅಂತ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ಪುಸ್ತಕ ತಂದದ್ದು 1873ರಲ್ಲಿ. ಡಾಕ್ಟ್ರುಗಳಿಗೇ ಅಷ್ಟು ವರ್ಷ ಹಿಡಿದಿದೆ.

ಈಗ ಮನೆಯ ವಿಷಯ. ತೋಟವನ್ನು ಕಡೀಲಿಕ್ಕೆ ಆಗ್ತದಾ? ಅಡಿಕೆಯೇ ನಮಗೆ ಅನ್ನ. ಹಾಗಾದ್ರೆ ಹುಡಿಯನ್ನು ಮನೆಯ ಒಳಗೆ ತರದೇ ಇರುವುದು ಒಂದೇ ದಾರಿ, ನನಗೆ ನಿಜವಾಗಿ ಬದುಕು ಕೊಟ್ಟದ್ದು ಅದೇ. ಒಂದು ದಿನ ಸಂಜೆ ತೋಟದಿಂದ ಬಂದು ಬಚ್ಚಲಲ್ಲಿ ಜಡೆ ಬಿಚ್ಚಿ ಬಾಚಿದೆ, ಕೆಳಗೆ ಬಿಳಿ ಟವೆಲ್ ಹಾಸಿದ್ದೆ. ಅಕ್ಕಿ ನುಚ್ಚಿನ ಹಾಗೆ ಕೆನೆ ಬಣ್ಣದ ಅಡಿಕೆ ಹೂ ಉದುರಿತು, ಹಿಂಗಾರದ ಗಂಡು ಹೂ, ಅಷ್ಟೊಂದು ಮಂಡೆಯಲ್ಲಿ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಹೂವೇ ಅಷ್ಟು ಇದ್ರೆ ಕಣ್ಣಿಗೆ ಕಾಣದ ಹುಡಿ ಎಷ್ಟು! ಅಷ್ಟನ್ನೂ ಹೊತ್ತುಕೊಂಡು ನಾನು ಇಷ್ಟು ವರ್ಷ ತಲೆದಿಂಬಿಗೆ ಮಂಡೆ ಕೊಟ್ಟು ರಾತ್ರಿಯಿಡೀ ಉಸಿರಾಡಿದ್ದು. ಮೊದಲು ನಾನು ಮೀಯುತ್ತಿದ್ದದ್ದು ಬೆಳಿಗ್ಗೆ, ಶಾಲೆಗೆ ಹೊರಡುವಾಗ. ಈಗ ಸಂಜೆ, ತೋಟದಿಂದ ಬಂದ ಕೂಡ್ಲೆ, ಒಳಗೆ ಕಾಲಿಡುವ ಮೊದಲೇ ಹಿಂದಿನ ಬಾಗಿಲಿಂದ ಬಚ್ಚಲಿಗೆ. ತೋಟದ ಅಂಗಿ ಅಲ್ಲೇ ಬಕೆಟಿಗೆ. ಮಂಡೆಗೆ ದಿನಾ ನೀರು ಹಾಕ್ಲಿಕ್ಕೆ ಆಗದಿದ್ರೆ ತೋಟಕ್ಕೆ ಹೋಗುವಾಗ ಒಂದು ಬಟ್ಟೆ ಬಿಗಿಯಾಗಿ ಕಟ್ಕೊಳ್ಳಿ, ನಮ್ಮ ಅಜ್ಜಿಯಂದಿರು ಕಟ್ತಿರಲಿಲ್ವಾ, ಅದೇ.

ತಲೆದಿಂಬಿನ ಚೀಲ ವಾರಕ್ಕೊಮ್ಮೆ ಹಂಡೆಯ ಬಿಸಿ ನೀರಲ್ಲಿ, ಕೈ ಇಡ್ಲಿಕ್ಕೆ ಆಗದಷ್ಟು ಬಿಸಿಯಲ್ಲಿ ನೆನೆಸಿ ಒಗೆಯುವುದು, ಧೂಳಿನ ಹುಳಕ್ಕೆ ಸುಮಾರು 60 ಡಿಗ್ರಿ ಬೇಕಂತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿ ಹತ್ತಿ ಹಾಸಿಗೆ ಯಾವತ್ತೂ ಒದ್ದೆಯೇ, ಆ ಹುಳಕ್ಕೆ ಅದೇ ಸ್ವರ್ಗ. ಕಸಬರಿಕೆಯಲ್ಲಿ ಒಣ ಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಸೆಪ್ಟೆಂಬರಲ್ಲಿ ಹುಲ್ಲು ಹೊಡೆಯುವ ಮೆಷಿನಿನವರು ಬಂದ ದಿನ ಕಿಟಿಕಿ ಬಾಗಿಲು ಹಾಕಿ ಒಳಗೆ ಕೂರ್ತೇನೆ, ಹೊಡೆಯುವ ಅಣ್ಣನಿಗೂ ಮಾಸ್ಕ್ ಕೊಡ್ತೇನೆ, ಹುಲ್ಲು ತೆನೆ ಬಿಡುವ ಮೊದಲೇ ಹೊಡೆಸಿದ್ರೆ ಇನ್ನೂ ಒಳ್ಳೇದು. ಅಡಿಕೆ ಸುಲಿಯುವ ಧೂಳಿಗೂ ಮಾಸ್ಕ್ ಬೇಕೇ ಬೇಕು, ಅದು ಹೂವಿನ ಹುಡಿ ಅಲ್ಲ, ಅಂಗಳದಲ್ಲಿ ನಲವತ್ತು ದಿನ ಬಿದ್ದ ಸಿಪ್ಪೆಯ ಬೂಷ್ಟು, ಧೂಳು. ಹೊಗೆ ಎಬ್ಬಿಸಿ ಗೊಬ್ಬರಕ್ಕೆ ಸುಡುಮಣ್ಣು ಸುಡುವವರ ಹತ್ರ ಕೈ ಮುಗಿದು ಕೇಳ್ತೇನೆ, ಅಕ್ಕಪಕ್ಕ ಉಬ್ಬಸದವರು ಇದ್ರೆ ಒಂದು ಮಾತು ಮೊದಲೇ ಹೇಳಿ. ತುಲಾ ತಿಂಗಳ (ಅಕ್ಟೋಬರ್ ನವೆಂಬರ್) ಗುಡುಗು ಮಳೆ ಬರುವಾಗ ಅಂಗಳದಲ್ಲಿ ನಿಲ್ಬೇಡಿ. ಮಳೆ ಬಂದ್ರೆ ಹುಡಿ ತೊಳೆದು ಹೋಗ್ತದೆ ಅಂತ ನಾವು ತಿಳಿಯುವುದು, ಆದ್ರೆ ಗುಡುಗು ಮಳೆಯ ತೇವ, ಗಾಳಿಗೆ ಹುಲ್ಲಿನ ಪರಾಗ ಒಡೆದು ಇನ್ನೂ ಸಣ್ಣ ಆಗಿ ಎದೆಯ ಒಳಗೇ ಇಳೀತದೆ, 2016ರ ನವೆಂಬರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಲ್ಲಿ ಒಂದು ಸಂಜೆಯ ಗುಡುಗು ಮಳೆಯಿಂದ ಹೀಗೆ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ರು, ಕೆಲವರು ತೀರಿಯೂ ಹೋದ್ರು.

ಮೂಗು ತೊಳೆಯುವುದರ ಬಗ್ಗೆ ಸ್ವಲ್ಪ ಜಾಗ್ರತೆಯಿಂದ ಓದಿ. ಉಪ್ಪುನೀರಲ್ಲಿ ಮೂಗು ತೊಳೆಯುವುದು, ಜಲನೇತಿ ಅಂತ ಹೇಳ್ತಾರಲ್ಲ, ಮನೆಮದ್ದುಗಳಲ್ಲಿ ಡಾಕ್ಟ್ರುಗಳೂ ಒಪ್ಪುವಂಥದ್ದು. ಅರ್ಧ ಲೀಟರ್ ನೀರಿಗೆ ಟೀ ಚಮಚದಲ್ಲಿ ಮುಕ್ಕಾಲು ಉಪ್ಪು, ಉಗುರು ಬೆಚ್ಚಗೆ. ಆದ್ರೆ ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗ್ಬೇಕು. ನಮ್ಮದು ಸುರಂಗದ ನೀರು, ಗುಡ್ಡೆಯ ಒಳಗಿಂದ ಕನ್ನಡಿ ಹಾಗೆ ಬರ್ತದೆ, ಹಾಗೇ ಕುಡೀತೇವೆ, ಮೂಗಿಗೆ ಮಾತ್ರ ಹಾಗೇ ಹಾಕುವುದಿಲ್ಲ. 2024ರಿಂದ ಕೇರಳದಲ್ಲಿ ಮೆದುಳಿನ ಅಮೀಬಾ ಜ್ವರ ಪೇಪರಲ್ಲಿ ಬರ್ತಾ ಉಂಟಲ್ಲ, ಅದು ಹೊಟ್ಟೆಯಿಂದ ಅಲ್ಲ, ಮೂಗಿನಿಂದ ಹತ್ತುವುದು. ಕೆರೆ, ಬಾವಿ, ಟ್ಯಾಂಕಿ, ಯಾವುದೇ ಇರಲಿ, ಕುದಿಸದ ನೀರು ಮೂಗಿಗೆ ಬೇಡವೇ ಬೇಡ. ಪಾತ್ರೆಯನ್ನೂ ತೊಳೆದು ಒಣಗಿಸಿ ಇಡಿ.

ಇನ್ನು ಕಷಾಯ. ಕಷಾಯವನ್ನು ನಾನು ಬಿಡುವವಳಲ್ಲ. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಶುಂಠಿ, ಅತ್ತೆ ಹುರಿದು ಹುಡಿ ಮಾಡಿಟ್ಟದ್ದು ಡಬ್ಬದಲ್ಲಿ ಯಾವಾಗ್ಲೂ ಉಂಟು, ಬೆಲ್ಲ ಹಾಲು ಹಾಕಿ ಕುಡಿದ್ರೆ ಗಂಟಲು ಸಡಿಲ ಆಗ್ತದೆ, ಮೂಗು ಸ್ವಲ್ಪ ಹೊತ್ತು ಬಿಡ್ತದೆ, ಮನಸ್ಸಿಗೂ ಹಿತ. ಸಾಂಬ್ರಾಣಿ (ದೊಡ್ಡಪತ್ರೆ) ಎಲೆಯ ತಂಬುಳಿ, ಮಿಂದ ಮೇಲೆ ನೆತ್ತಿಗೆ ರಾಸ್ನಾದಿ ಅನ್ನುವ ಆಯುರ್ವೇದದ ಹುಡಿ ತಿಕ್ಕುವುದು, ಅದೂ ನಮ್ಮ ಮನೆಯಲ್ಲಿ ಉಂಟು. ಅಲರ್ಜಿಯ ಬೇರು ಇದರಿಂದ ಹೋಗ್ತದೆ ಅಂತ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಊರಿನ ಜೇನು ದಿನಾ ಒಂದು ಚಮಚ ತಿಂದ್ರೆ ಶರೀರಕ್ಕೆ ಅಭ್ಯಾಸ ಆಗ್ತದೆ ಅಂತ ಹೇಳ್ತಾರೆ, ನಾನು ಮುಜಂಟಿ (ಚುಚ್ಚದ ಸಣ್ಣ ಜೇನುನೊಣದ) ಜೇನು ಎರಡು ವರ್ಷ ತಿಂದೆ, ಕ್ಯಾಲೆಂಡರಲ್ಲಿ ಗೀಟು ಕಮ್ಮಿ ಆಗ್ಲಿಲ್ಲ. ಜೇನಲ್ಲಿ ಯಾವ ಹೂವಿನ ಹುಡಿ ಎಷ್ಟು ಅಂತ ಅಳತೆ ಇಲ್ಲ, ಡಾಕ್ಟ್ರುಗಳು ಕೊಡುವ ಅಲರ್ಜಿ ಇಂಜೆಕ್ಷನಲ್ಲಿ ಅಳೆದು ಅಳೆದು ಏರಿಸ್ತಾ ಮೂರರಿಂದ ಐದು ವರ್ಷ ಕೊಡ್ತಾರೆ, ಎರಡೂ ಒಂದೇ ಅಲ್ಲ. ಒಂದು ವರ್ಷದ ಒಳಗಿನ ಮಗುವಿಗಂತೂ ಜೇನು ನೆಕ್ಕಿಸ್ಲೇಬೇಡಿ. ಹಬೆ ತೆಗೆಯುವುದಾದ್ರೆ ದೊಡ್ಡವರು ಜಾಗ್ರತೆಯಲ್ಲಿ ತೆಗೀರಿ, ಮಕ್ಕಳನ್ನು ಕುದಿಯುವ ಪಾತ್ರೆಯ ಹತ್ತಿರ ಕೂರಿಸಿ ಕಂಬಳಿ ಹೊದೆಸುವುದು ಬೇಡ, ನಮ್ಮ ಶಾಲೆಯ ಒಂದು ಹುಡುಗಿಯ ತೊಡೆಯಲ್ಲಿ ಇವತ್ತಿಗೂ ಆ ಸುಟ್ಟ ಕಲೆ ಉಂಟು.

ಕಟ್ಟಿದ ಮೂಗು ಬಿಡಿಸುವ ಅಂಗಡಿಯ ಡ್ರಾಪ್ಸ್ ಕೂಡ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಹಾಕ್ಬೇಡಿ, ಆಮೇಲೆ ಅದು ಹಾಕದೇ ಮೂಗು ಬಿಡುವುದೇ ಇಲ್ಲ. ಡಾಕ್ಟ್ರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಬೇರೆ, ಅದು ದಿನಾ ಹಾಕಿದ್ರೆ ಮಾತ್ರ, ಕೆಲವು ದಿನ ಕಳೆದ ಮೇಲೆ ಗುಣ ಕಾಣುವುದು.

ಒಂದು ವಿಷಯ ಬರೀಲಿಕ್ಕೆ ಕಷ್ಟ ಆಗ್ತದೆ. ಮಗಳಿಗೆ ಎಂಟು ವರ್ಷ ಇರುವಾಗ ಉಬ್ಬಸಕ್ಕೆ ಇನ್‌ಹೇಲರ್ ಕೊಟ್ಟಿದ್ರು. "ಹೆಣ್ಣುಮಗು, ಅಭ್ಯಾಸ ಆಗಿ ಹೋಗ್ತದೆ, ಆಡುಸೋಗೆ ಕಷಾಯ ಸಾಕು" ಅಂತ ನೆಂಟರು ಒಬ್ಬೊಬ್ಬರಾಗಿ ಹೇಳಿದ್ರು, ಒಳ್ಳೇದಕ್ಕೇ ಹೇಳಿದ್ದು, ನಾನು ನಿಲ್ಲಿಸಿದೆ. ಫೆಬ್ರವರಿಯ ಒಂದು ರಾತ್ರಿ ಎರಡು ಗಂಟೆಗೆ ಅವಳು ಎದ್ದು ಕೂತಿದ್ದಾಳೆ, ಮಲಗ್ಲಿಕ್ಕೆ ಆಗುವುದಿಲ್ಲ, ಎದೆಯಲ್ಲಿ ಸೊಂಯ್ ಸೊಂಯ್, ಪಕ್ಕೆಲುಬಿನ ಸಂದು ಒಳಗೆ ಒಳಗೆ ಹೋಗ್ತಾ ಉಂಟು, "ಅಮ್ಮ" ಅಂತ ಪೂರ್ತಿ ಹೇಳ್ಲಿಕ್ಕೂ ಉಸಿರು ಸಾಕಾಗುವುದಿಲ್ಲ. ಮಂಗಳೂರಿಗೆ ಹೋಗುವ ದಾರಿಯಲ್ಲಿ ನಾನು ಅವಳ ಬೆನ್ನು ಉಜ್ಜುತ್ತಾ ಒಂದೊಂದು ಉಸಿರೂ ಎಣಿಸಿದ್ದೇನೆ. ಇನ್‌ಹೇಲರ್ ಅಭ್ಯಾಸ ಆಗುವ ವಸ್ತು ಅಲ್ಲ, ಮದ್ದು ನೇರ ಎದೆಗೆ ಹೋಗುವುದರಿಂದ ಪ್ರಮಾಣ ಕಮ್ಮಿ ಸಾಕಾಗ್ತದೆ ಅಷ್ಟೆ. ಕಷಾಯ ಕುಡಿಸಿ, ತಂಬುಳಿ ಕೊಡಿ, ಆದ್ರೆ ಡಾಕ್ಟ್ರು ಕೊಟ್ಟದ್ದನ್ನು ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ. ಎದೆ ಸೊಂಯ್ ಅಂದ್ರೆ ಅದು ಮೂಗಿನ ಕಥೆ ಅಲ್ಲ, ಕಾಯ್ಬೇಡಿ.

ಈಗ ನನಗೆ ಸೀನು ಪೂರ್ತಿ ಹೋಗಿದೆಯಾ ಅಂದ್ರೆ ಇಲ್ಲ. ಈ ಜನವರಿಯ ಕ್ಯಾಲೆಂಡರಲ್ಲಿ ಒಂಬತ್ತು ಗೀಟು, ಬರೀಲಿಕ್ಕೆ ಶುರು ಮಾಡಿದ ಮೇಲಿನ ಮೊದಲ ಜನವರಿಯಲ್ಲಿ ಇಪ್ಪತ್ತಾರು ಇತ್ತು.

ಶಿಷ್ಯ ನಿನ್ನೆ ರಾತ್ರಿ ಫೋನ್ ಮಾಡಿದ, ಆದಿತ್ಯವಾರದ ಜನಕ್ಕೆ ಬೇಡ ಅಂತ ಹೇಳಿದ್ದಾನಂತೆ, ಮಗುವನ್ನು ಮೊದಲು ಡಾಕ್ಟ್ರಿಗೆ ತೋರಿಸ್ತೇನೆ ಅಂದ. ಅತ್ತೆಗೆ ಹೇಳಿದೆ. ಅವರಿಗೆ ಈಗ ಎಂಬತ್ತಮೂರು, ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಮರದ ಹಣ್ಣು ಹುಳಿಯಾ ಸಿಹಿಯಾ ಕೇಳು" ಅಂದ್ರು. ಕೇಳಿದೆ, ಹುಳಿಸಿಹಿ ಅಂತೆ, ನಮ್ಮದೂ ಹಾಗೇ ಇತ್ತು. ಮೇ ತಿಂಗಳಲ್ಲಿ ನಾಲ್ಕು ಗೊರಟು ಇಟ್ಟಿರು ಅಂತ ಅವನಿಗೆ ಹೇಳಿದ್ದೇನೆ. ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯ ಬೇರೆ ಯಾರ ಮನೆಯಲ್ಲಾದ್ರೂ ಒಳ್ಳೆ ಗೊಜ್ಜಿನ ಕಾಟು ಮಾವು ಇದ್ರೆ ನಮಗೂ ಎರಡು ಗೊರಟು ತೆಗೆದಿಡಿ, ನಾನೇ ಬಂದು ತಕ್ಕೊಂಡು ಹೋಗ್ತೇನೆ. ಹಟ್ಟಿಯ ಹತ್ತಿರದ ಆ ಜಾಗ ಇನ್ನೂ ಖಾಲಿಯೇ ಉಂಟು.