ಜವಾರಿ ಹೇಂಟೆಗಳ ನಡುವೆ ಗಿರಿರಾಜ ಹುಂಜ: ಪರ-ವಿರೋಧ

ಪರ

ಜವಾರಿ, ಅಂದರೆ ನಾಟಿ, ಹೇಂಟೆಗಳ ನಡುವೆ ಗಿರಿರಾಜ ಎಂಬ ಸುಧಾರಿತ ತಳಿಯ ಹುಂಜವನ್ನು ಬಿಟ್ಟರೆ ಊರ ಕೋಳಿಯ ಕುಲ ಕೆಡುತ್ತದೆಂಬ ಮಾತಿದೆ. ಆದರೆ ಕೊಪ್ಪಳ ಸೀಮೆಯ ಯಾವ ಊರಿನ ತಿಪ್ಪೆಯ ಬಳಿ ನಿಂತು ನೋಡಿದರೂ ಒಂದೇ ಹೇಂಟೆಯ ಹಿಂದೆ ಕರಿ, ಕೆಂಪು, ಬೂದಿ, ಚುಕ್ಕೆಯ ಮರಿಗಳು ಕೆದರುತ್ತಿರುತ್ತವೆ. ಇವುಗಳಲ್ಲಿ ಕಾಪಾಡಬೇಕಾದ ಶುದ್ಧ ತಳಿ ಯಾವುದೆಂದು ಸಾಕಿದವರೂ ಹೇಳಲಾರರು. ಸಾಕುಕೋಳಿಯ ಮೂಲವೇ ಬೆರಕೆಯದು: ಅದು ಹುಟ್ಟಿದ್ದು ಮುಖ್ಯವಾಗಿ ಕೆಂಪು ಕಾಡುಕೋಳಿಯಿಂದಾದರೂ, ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ಜೀನು ಭಾರತದ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರ ಸಂಶೋಧನೆ ತೋರಿಸಿತು. ಹಾಗಿರುವಾಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಹುಂಜವನ್ನು ಹಿತ್ತಲಿಗೆ ಬಿಟ್ಟರೆ ಕುಲ ಕೆಟ್ಟಿತೆನ್ನುವುದು ಅತಿಯಾಯಿತು. ಜವಾರಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು. ಗಿರಿರಾಜ ಅದರ ಇಮ್ಮಡಿ ಇಡುತ್ತದೆ, ಮೈಯೂ ಬೇಗ ತುಂಬುತ್ತದೆ. ಬೆರಕೆ ಮರಿ ಎರಡರ ನಡುವೆ ನಿಂತರೂ, ಹೊಲವಿಲ್ಲದ ಮನೆಗೆ ಸಂತೆಯ ದಿನ ಅದು ತರುವ ಹಣ ಸಣ್ಣದಲ್ಲ.

ವಿರೋಧ

ಬೆರಕೆಯ ಮಾತು ನಿಜ, ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಉಳಿಸಬೇಕಾದದ್ದು ಶುದ್ಧತೆಯಲ್ಲ, ವೈವಿಧ್ಯ. ಊರಿನ ಹತ್ತಾರು ಹುಂಜಗಳ ಜಾಗದಲ್ಲಿ ಒಂದೇ ಫಾರಂನಿಂದ ಬಂದ ಅಣ್ಣತಮ್ಮಂದಿರಂಥ ಹುಂಜಗಳು ನಿಂತರೆ ಕುಗ್ಗುವುದು ಅದೇ. ಊರ ಕೋಳಿಗಳ ನಡುವೆ ಕಾಣುವ ಬೋಳು ಕತ್ತಿನ ಕೋಳಿಯನ್ನೇ ನೋಡಿ. ಕತ್ತನ್ನು ಬೋಳಾಗಿಸುವ ಜೀನು ತಂದೆತಾಯಿ ಇಬ್ಬರಿಂದಲೂ ಬಂದ ಮರಿಯ ಮೈಮೇಲೆ ಪುಕ್ಕ ಸುಮಾರು ಶೇ. 40ರಷ್ಟು ಕಡಿಮೆಯಿದ್ದು, ಸೆಕೆ ಸುಲಭವಾಗಿ ಹೊರಹೋಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ದೊಡ್ಡದು ಕಾವಿನ ಗುಣ. ನಮ್ಮ ಮನೆಯ ಕಂದು ಹೇಂಟೆ ಬುಟ್ಟಿಯಲ್ಲಿ ಹಾಸಿದ ಭತ್ತದ ಹೊಟ್ಟಿನ ಮೇಲೆ 21 ದಿನ ಕೂರುತ್ತದೆ. ನೀರು-ಕಾಳಿಗೆಂದು ಎದ್ದುಹೋದದ್ದು ಗಳಿಗೆಯಲ್ಲಿ ಮರಳಿ, ಮೊಟ್ಟೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಹೊರಳಿಸಿ, ಎದೆಯಡಿಗೆ ಎಳೆದುಕೊಳ್ಳುತ್ತದೆ, ಕೈ ಚಾಚಿದರೆ ಪುಕ್ಕ ಕೆದರಿ ಕುಕ್ಕುತ್ತದೆ. ಗಿರಿರಾಜ ಕಾವಿಗೆ ಕೂರುವುದಿಲ್ಲ. ಮೊಟ್ಟೆ ಹೆಚ್ಚಲೆಂದು ಆಯ್ದು ಬೆಳೆಸಿದ ಕೋಳಿಗಳಲ್ಲಿ ಆ ಗುಣ ಕಳೆದಿರುತ್ತದೆ, ಏಕೆಂದರೆ ಕಾವಿಗೆ ಕೂತಷ್ಟು ದಿನ ಹೇಂಟೆ ಮೊಟ್ಟೆಯಿಡುವುದಿಲ್ಲ. ಗಿರಿರಾಜನ ರಕ್ತ ತಲೆಮಾರುಗಟ್ಟಲೆ ಬೆರೆಯುತ್ತ ಹೋದರೆ ಊರ ಹೇಂಟೆಗಳಲ್ಲೂ ಕಾವು ಮಂಕಾಗಿ, ಮುಂದಿನ ಮರಿಗೆ ದುಡ್ಡು ಕೊಟ್ಟು ಕಾಯಬೇಕಾಗುತ್ತದೆ. ಮೇಲೆ ಲೆಕ್ಕ ಹಾಕಿದ ಲಾಭದಲ್ಲಿ ಈ ಖರ್ಚು ಸೇರಿಲ್ಲ.

ಜವಾರಿಗೆ ರೋಗವೇ ತಾಗದೆಂದು ನಾನು ವಾದಿಸಲಾರೆ. ಕೊಕ್ಕರೆ ರೋಗ (ರಾಣಿಖೇತ್) ಎಂಬ ಸೋಂಕಿಗೆ ಅದೂ ಸಾಯುತ್ತದೆ, ಅದಕ್ಕೂ ಲಸಿಕೆ ಬೇಕು. ಮಾಂಸಕ್ಕಾಗಿ ಗಿರಿರಾಜ ಸಾಕುವುದಕ್ಕೂ ನನ್ನ ತಕರಾರಿಲ್ಲ, ಅದರ ಹುಂಜಗಳನ್ನು ಕೂಗು ಬಲಿಯುವ ಮೊದಲೇ ಸಂತೆಗೆ ಸಾಗಿಸಿದರೆ.